ಮಕ್ಕಳ ಮನಸ್ಸನ್ನೂ ಒಮ್ಮೆ ನೋಡೋಣ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ದಿನಕ್ಕೆರಡು ಹೊತ್ತು ಇಲ್ಲಿ ಹಾಲಿನ ಪರೀಕ್ಷೆ ನಡೀತಾ ಇದೆ. ಹಸು ಒಂದು ಹೊತ್ತು ಮೇವು ಬಿಟ್ಟರೆ ನಾವು ಡಾಕ್ಟರಿಗೆ ಹೇಳಿ ಕಳಿಸುತ್ತೇವೆ. ಮನೆಯ ಮಗು ತಿಂಗಳುಗಟ್ಟಲೆ ಮಂಕಾಗಿದ್ದರೆ ಮಾತ್ರ "ಹಠ", "ಸೋಮಾರಿ" ಅಂತ ಸುಮ್ಮನಾಗುತ್ತೇವೆ. ಇದು ನಿಮ್ಮ ಮೇಲೆ ಹೊರಿಸುವ ದೂರಲ್ಲ. ಮೊದಲ ತಪ್ಪುಗಾರ ನಾನೇ.

ಏಳನೇ ತರಗತಿಯಲ್ಲಿ ನನಗೊಬ್ಬ ಹುಡುಗನಿದ್ದ. ಗಲಾಟೆ ಇಲ್ಲ, ಜಗಳ ಇಲ್ಲ. ಆದರೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಶಾಲೆ ತಪ್ಪಿಸುವ ನೆಪ ಅಂತ ಎರಡೇಟು ಕೊಟ್ಟೆ. ಆಮೇಲೆ ಅವನು ಶಾಲೆಯನ್ನೇ ಬಿಟ್ಟ. ಎಷ್ಟೋ ವರ್ಷದ ಮೇಲೆ ಸಿಕ್ಕಾಗ ಹೇಳಿದ: "ಅಪ್ಪ ತೀರಿಕೊಂಡ ಮೇಲೆ, ನಾನು ಶಾಲೆಗೆ ಬಂದಾಗ ಅವ್ವನೂ ಸತ್ತೋಗ್ತಾಳೆ ಅಂತ ಹೆದರಿಕೆ ಆಗ್ತಿತ್ತು ಮೇಷ್ಟ್ರೇ." ಅವನ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ. ಹೆಸರು ಬೇಡ.

ಕೆಚ್ಚಲು ಊದಿದರೆ ಎಲ್ಲರಿಗೂ ಕಾಣುತ್ತದೆ. ಆದರೆ ಹೊರಗೆ ಕಾಣದ ಕೆಚ್ಚಲು ಬಾವೂ ಉಂಟು. ಹಾಲಿಗೆ ದ್ರಾವಣ ಬೆರೆಸಿ ಅಲ್ಲಾಡಿಸಿದಾಗ ಗಟ್ಟಿಯಾದರೆ ಮಾತ್ರ ಅದು ತಿಳಿಯುವುದು. ಮಕ್ಕಳಲ್ಲೂ ಹಾಗೇ. ಕಲ್ಲು ಹೊಡೆಯುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ, ಮೂಲೆಯಲ್ಲಿ ಕೂತ ಹುಡುಗಿ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ 10ರಿಂದ 19 ವಯಸ್ಸಿನ ಏಳು ಜನರಲ್ಲಿ ಒಬ್ಬರಿಗೆ ಮನಸ್ಸಿನ ತೊಂದರೆ ಇದೆ.

ಇದನ್ನು ಹುಡುಕಲು ದೊಡ್ಡ ಯಂತ್ರ ಬೇಕಿಲ್ಲ. ಇಂಗ್ಲೆಂಡಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಎಸ್.ಡಿ.ಕ್ಯೂ. ಅಂತ ಕರೀತಾರೆ. ಕನ್ನಡದಲ್ಲೂ ಇದೆ. ಅದರಲ್ಲಿರುವುದು 25 ಮಾತು. ಒಂದೊಂದಕ್ಕೂ ಸರಿಯಲ್ಲ, ಸ್ವಲ್ಪ ಸರಿ, ಖಂಡಿತ ಸರಿ ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಹೆದರಿಕೆ ದುಃಖ, ಸಿಟ್ಟು ಸುಳ್ಳು, ಒಂದೆಡೆ ನಿಲ್ಲದ ಚಡಪಡಿಕೆ, ಗೆಳೆಯರೊಂದಿಗೆ ಹೊಂದಿಕೆ, ಇತರರಿಗೆ ನೆರವಾಗುವ ಗುಣ — ಹೀಗೆ ಐದು ಗುಂಪು. ತಂದೆತಾಯಿ ತುಂಬಬಹುದು, ಶಿಕ್ಷಕರು ತುಂಬಬಹುದು. ಹನ್ನೊಂದು ದಾಟಿದ ಮಕ್ಕಳು ತಾವೇ ತುಂಬಬಹುದು. ಮನೆಯಲ್ಲಿ ಕಾಣದ್ದು ಶಾಲೆಯಲ್ಲಿ ಕಾಣುತ್ತದೆ, ಇಬ್ಬರಿಗೂ ಕಾಣದ್ದು ಮಗುವಿಗೇ ಗೊತ್ತಿರುತ್ತದೆ.

ಆದರೆ ಒಂದು ಮಾತು ನೆನಪಿಡಿ. ಲ್ಯಾಕ್ಟೋಮೀಟರ್ ಇಳಿದ ಕೂಡಲೇ ನೀರು ಬೆರೆಸಿದ್ದಾರೆ ಅಂತ ತೀರ್ಪು ಕೊಡೋಕಾಗಲ್ಲ, ಇನ್ನೊಮ್ಮೆ ನೋಡಬೇಕು ಅಂತ ಅಷ್ಟೇ ಅದರ ಅರ್ಥ. ಈ ಕಾಗದವೂ ಹಾಗೇ. ಅಂಕ ಹೆಚ್ಚು ಬಂತೆಂದರೆ ಕಾಯಿಲೆ ಎಂದಲ್ಲ, ಕಡಿಮೆ ಬಂತೆಂದರೆ ನಿಶ್ಚಿಂತೆ ಎಂದೂ ಅಲ್ಲ. ಕಾಯಿಲೆ ಹೌದೋ ಅಲ್ಲವೋ ಹೇಳಬೇಕಾದವರು ಮಗುವನ್ನು ಎದುರು ಕೂರಿಸಿ ಮಾತಾಡಿಸುವ ತಜ್ಞರು.

ಇನ್ನು ನನ್ನ ಮೂರು ಕೋರಿಕೆ.

ಒಂದು, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬರುವ ದಿನ ಮಕ್ಕಳನ್ನು ತಪ್ಪಿಸಬೇಡಿ. ಕಣ್ಣು, ಹಲ್ಲು ಮಾತ್ರ ಅಲ್ಲ, ಕಲಿಕೆಯ ತೊಂದರೆ, ಗಮನ ನಿಲ್ಲದಿರುವುದು ಕೂಡ ಅವರು ನೋಡಬೇಕಾದ ಪಟ್ಟಿಯಲ್ಲಿದೆ. ಮಗುವಿನ ನಿದ್ದೆ, ಹೆದರಿಕೆಯ ವಿಚಾರವನ್ನೂ ನೀವೇ ಬಾಯಿಬಿಟ್ಟು ಹೇಳಿ.

ಎರಡು, ನಮ್ಮ ಶಾಲೆಯಲ್ಲಿ ಇಂಥ ಪ್ರಶ್ನಾವಳಿ ತುಂಬಿಸುವುದಾದರೆ ತಂದೆತಾಯಿಯ ಒಪ್ಪಿಗೆ ಇರಲಿ, ಕಾಗದ ಬೀಗದೊಳಗಿರಲಿ. ಹಾಲಿನ ಫ್ಯಾಟ್ ಬರೆದಂತೆ ಮಕ್ಕಳ ಅಂಕ ಬೋರ್ಡಿಗೆ ಹತ್ತಬಾರದು. "ಹುಚ್ಚು" ಎಂಬ ಒಂದು ಮಾತು ಊರಲ್ಲಿ ಹರಡಿದರೆ ಕಾಯಿಲೆಗಿಂತ ಹೆಚ್ಚು ಕೆಡುಕು ಅದರಿಂದಲೇ ಆಗುತ್ತದೆ.

ಮೂರು, ಇದು ಸಂಘಕ್ಕೆ. ತೊಂದರೆ ಪತ್ತೆಹಚ್ಚಿ ಮುಂದಿನ ದಾರಿ ತೋರಿಸದೆ ಬಿಟ್ಟರೆ ಏನು ಬಂತು? ಜಿಲ್ಲಾ ಆಸ್ಪತ್ರೆಗೆ ಹೋಗಿಬರಲು ಬಸ್ ಚಾರ್ಜು ಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಧರ್ಮಾರ್ಥಕ್ಕೆ ತೆಗೆದಿಡುವ ಹಣದಲ್ಲಿ ಇದಕ್ಕೆ ಒಂದಿಷ್ಟು ಮೀಸಲಿಟ್ಟರೆ ಬೆಳ್ಳಿಹಬ್ಬ ಸಾರ್ಥಕ.

2022ರಿಂದ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ. ನಂಬರು 14416. ದುಡ್ಡಿಲ್ಲ, ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಂಘದ ಗೋಡೆಯ ಮೇಲೆ ಇದನ್ನು ದೊಡ್ಡದಾಗಿ ಬರೆಸಿ. ಮಗು "ಸಾಯ್ತೀನಿ" ಅಂದರೆ ಬೆದರಿಕೆ ಅಂತ ಗದರಬೇಡಿ. ಯಾವ ಪ್ರಶ್ನಾವಳಿಗೂ ಕಾಯದೆ, ಒಂಟಿಯಾಗಿ ಬಿಡದೆ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಂದು ನಾನು ಬೆತ್ತ ಎತ್ತುವ ಬದಲು "ಏನಪ್ಪಾ, ಮನೇಲಿ ಏನಾದ್ರೂ ಆಯ್ತಾ?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ನೀವು ಇವತ್ತು ಮನೆಗೆ ಹೋಗಿ ಕೇಳಿ.