ಒಂದು ಮಡಕೆಯಲ್ಲಿ ಒಂದು ದೇವರು: ಪ್ರಾಚೀನ ಈಜಿಪ್ಟಿನ ಪ್ರಾಣಿ ಮಮ್ಮಿಗಳು



ಕೈರೋ ನಗರದ ದಕ್ಷಿಣಕ್ಕೆ ಸಕ್ಕಾರಾ ಎಂಬ ಮರಳು ದಿಣ್ಣೆಗಳ ಪ್ರದೇಶವಿದೆ. ಮೆಟ್ಟಿಲು ಪಿರಮಿಡ್ಡಿನಿಂದ ಪ್ರಸಿದ್ಧವಾದ ಆ ಸ್ಥಳದ ನೆಲದಡಿಯಲ್ಲಿ, ಅನೂಬಿಸ್ ದೇವತೆಯ ಗುಡಿಯಿದ್ದೆಡೆಯ ಹತ್ತಿರ, ಕತ್ತಲೆಯ ಸುರಂಗಗಳ ಒಂದು ಜಾಲ ಹರಡಿದೆ. ಕಾರ್ಡಿಫ್ ವಿಶ್ವವಿದ್ಯಾಲಯದ ಪಾಲ್ ನಿಕೋಲ್ಸನ್ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅಲ್ಲಿ ಇರಿಸಲಾಗಿದ್ದ ಪ್ರಾಣಿಗಳ ಸಂಖ್ಯೆ ಸುಮಾರು 80 ಲಕ್ಷ. ಬಹುಪಾಲು ನಾಯಿಗಳು. ಅವುಗಳಲ್ಲಿಯೂ ಅನೇಕವು ಹುಟ್ಟಿ ಕೆಲವು ಗಂಟೆಗಳೋ ಕೆಲವು ದಿನಗಳೋ ಆಗಿದ್ದ ಮರಿಗಳು. ಕಣ್ಣು ಬಿಡುವ ಮೊದಲೇ ಅವು ದೇವರ ಪಾಲಾಗಿದ್ದವು.

‘ಮೃಗಗಳನ್ನೇ ದೇವರೆಂದು ನಂಬಿದ ಮೂಢ ಜನ’ ಎಂದು ಈಜಿಪ್ಟಿನವರ ಮೇಲೆ ತೀರ್ಪು ಕೊಡುವುದು ಸುಲಭ. ರೋಮಿನ ಕವಿ ಜುವೆನಲ್ ಹಾಗೆಯೇ ನಕ್ಕಿದ್ದನು. ಆದರೆ ಅವರ ನಂಬಿಕೆ ಅಷ್ಟು ಸರಳವಾಗಿರಲಿಲ್ಲ. ದೇವತೆಯ ‘ಬಾ’, ಎಂದರೆ ಸಂಚರಿಸಬಲ್ಲ ಚೈತನ್ಯ, ಆಯ್ದ ಒಂದು ಪ್ರಾಣಿಯಲ್ಲಿ ನೆಲೆಸಬಲ್ಲುದೆಂದು ಅವರು ಭಾವಿಸಿದ್ದರು. ಮೆಂಫಿಸ್ ನಗರದಲ್ಲಿ ಪ್ತಾಹ್ ದೇವರ ಬಾ ಎನಿಸಿದ ಏಪಿಸ್ ಎಂಬ ಹೋರಿ ಒಂದು ಕಾಲಕ್ಕೆ ಒಂದೇ ಇರುತ್ತಿತ್ತು. ಅದನ್ನು ಮೈಮೇಲಿನ ಗುರುತುಗಳಿಂದ ಆರಿಸುತ್ತಿದ್ದರು. ಅದು ಮಡಿದಾಗ ಅರಸರಿಗೆ ಸಲ್ಲುವ ಸಂಸ್ಕಾರವೇ ಅದಕ್ಕೂ ಸಲ್ಲುತ್ತಿತ್ತು. 1851ರಲ್ಲಿ ಆಗಸ್ಟ್ ಮಾರಿಯೆಟ್ ಸಕ್ಕಾರಾದ ಸೆರಾಪಿಯಮ್ ಸುರಂಗವನ್ನು ಪ್ರವೇಶಿಸಿದಾಗ, ಆ ಹೋರಿಗಳಿಗಾಗಿ ಕಡೆದ ಹತ್ತಾರು ಟನ್ ತೂಕದ ಕಲ್ಲಿನ ಶವಪೆಟ್ಟಿಗೆಗಳು ಸಾಲಾಗಿ ಕಂಡವು.

ಎಲ್ಲ ಪ್ರಾಣಿ ಮಮ್ಮಿಗಳೂ ಈ ಬಗೆಯವಲ್ಲ. ಕೆಲವು ಮನೆಯ ಮುದ್ದಿನ ಪ್ರಾಣಿಗಳು. ರಾಜಕುಮಾರ ಥಟ್ಮೋಸ್ ತನ್ನ ಬೆಕ್ಕಿಗೆ ಸುಣ್ಣದ ಕಲ್ಲಿನ ಶವಪೆಟ್ಟಿಗೆಯನ್ನೇ ಮಾಡಿಸಿದ್ದನು. ಕೆಲವು ಪರಲೋಕದ ಬುತ್ತಿ. ಟುಟಾಂಖಾಮುನ್‌ನ ಗೋರಿಯಲ್ಲಿ ಮಾಂಸ ತುಂಬಿದ 48 ಮರದ ಪೆಟ್ಟಿಗೆಗಳು ದೊರೆತವು. ಆದರೆ ಲಕ್ಷಗಳ ಲೆಕ್ಕದಲ್ಲಿ ಸಿಗುವುದು ಹರಕೆಯ ಮಮ್ಮಿಗಳು. ಕ್ರಿ.ಪೂ. 7ನೆಯ ಶತಮಾನದಿಂದ ರೋಮನ್ ಆಳ್ವಿಕೆಯವರೆಗೆ ಈ ಪದ್ಧತಿ ಬೆಳೆಯಿತು. ಯಾತ್ರಿಕರು ತಮ್ಮ ಕೋರಿಕೆಯನ್ನು ಹೊತ್ತೊಯ್ಯಲೆಂದು ಥೋತ್ ದೇವರಿಗೆ ಐಬಿಸ್ ಹಕ್ಕಿಯನ್ನೂ, ಬಾಸ್ಟೆಟ್ ದೇವಿಗೆ ಬೆಕ್ಕನ್ನೂ, ಹೋರಸ್‌ಗೆ ಡೇಗೆಯನ್ನೂ ಅರ್ಪಿಸುತ್ತಿದ್ದರು. ಇಂದು ಗುಡಿಯಲ್ಲಿ ಹಚ್ಚುವ ಹರಕೆಯ ದೀಪದ ಸ್ಥಾನ ಅಂದು ಬಟ್ಟೆ ಸುತ್ತಿದ ಆ ಪುಟ್ಟ ದೇಹಕ್ಕಿತ್ತು.

ಇಲ್ಲಿಯೇ ವಿರೋಧಾಭಾಸವೊಂದು ಎದುರಾಗುತ್ತದೆ. ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಅಕಸ್ಮಾತ್ತಾಗಿ ಬೆಕ್ಕನ್ನು ಕೊಂದ ರೋಮನ್ ಒಬ್ಬನನ್ನು ಜನರ ಗುಂಪು ಕೊಂದುಹಾಕಿದ್ದನ್ನು ಕಣ್ಣಾರೆ ಕಂಡೆನೆಂದು ಡಯೊಡೋರಸ್ ಹೇಳುತ್ತಾನೆ. ಅದೇ ನಾಡಿನ ಬೆಕ್ಕಿನ ಮಮ್ಮಿಗಳನ್ನು ಎಕ್ಸ್-ರೇ ಮೂಲಕ ನೋಡಿದರೆ, ಹಲವು ಒಂದು ವರ್ಷವೂ ತುಂಬದ ಮರಿಗಳು, ಕೆಲವುಗಳ ಕತ್ತು ಮುರಿದಿದೆ. 2020ರಲ್ಲಿ ಸ್ವಾನ್ಸಿ ವಿಶ್ವವಿದ್ಯಾಲಯದವರು ಸೂಕ್ಷ್ಮ ಸ್ಕ್ಯಾನಿಂಗ್‌ಗೆ ಒಳಪಡಿಸಿದ ಒಂದು ಮರಿಗೆ ಐದು ತಿಂಗಳೂ ಆಗಿರಲಿಲ್ಲ; ಅದರ ಕತ್ತಿನ ಮೂಳೆಗಳು ಕಳಚಿದ್ದವು. ಬೀದಿಯಲ್ಲಿ ಬೆಕ್ಕನ್ನು ಕೊಂದವನಿಗೆ ಮರಣ, ಗುಡಿಯ ಆವರಣದಲ್ಲಿ ಕೊಂದವನಿಗೆ ಸಂಬಳ.

ಇದಕ್ಕೆ ಈಜಿಪ್ಟಿನವರ ಬಳಿ ಸಮಾಧಾನವಿರಲಿಲ್ಲವೆಂದಲ್ಲ. ವಿಧಿಪೂರ್ವಕ ಸಂಸ್ಕಾರ ಪಡೆದ ಪ್ರಾಣಿ ಒಸೈರಿಸ್ ದೇವರೊಡನೆ ಒಂದಾಗುತ್ತದೆ, ಅದಕ್ಕೆ ನಷ್ಟವೇನೂ ಇಲ್ಲ ಎಂಬುದು ಆ ಚಿಂತನೆಯ ಧಾಟಿ. ಯಜ್ಞದಲ್ಲಿ ಹತವಾದ ಪಶು ಸ್ವರ್ಗಕ್ಕೆ ಹೋಗುವುದೆಂಬ ವಾದವನ್ನು ಕೇಳಿದವರಿಗೆ ಈ ಮಾತು ಅಪರಿಚಿತವಲ್ಲ. ಎರಡೂ ಕಡೆ ಪಶುವಿನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಈ ವ್ಯವಸ್ಥೆಯೊಳಗೆ ಸುಧಾರಣೆಯ ಧ್ವನಿಯೂ ಇತ್ತು. ಕ್ರಿ.ಪೂ. 2ನೆಯ ಶತಮಾನದಲ್ಲಿ ಸೆಬೆನ್ನಿಟೋಸ್ ಪ್ರಾಂತ್ಯದ ಹೋರ್ ಎಂಬವನು ಸಕ್ಕಾರಾದ ಐಬಿಸ್ ಆರಾಧನೆಯ ಸೇವೆಯಲ್ಲಿದ್ದನು. ಮಡಕೆಯ ಚೂರುಗಳ ಮೇಲೆ ಡೆಮೋಟಿಕ್ ಲಿಪಿಯಲ್ಲಿ ಅವನು ಬರೆದ ಟಿಪ್ಪಣಿಗಳು 20ನೆಯ ಶತಮಾನದ ಉತ್ಖನನದಲ್ಲಿ ದೊರೆತವು. ಅವುಗಳಲ್ಲಿ ಕನಸುಗಳಿವೆ, ಅರಸನಿಗೆ ಬರೆದ ಬಿನ್ನಹಗಳ ಕರಡುಗಳಿವೆ, ಅವುಗಳೊಂದಿಗೆ ಹಕ್ಕಿಗಳ ಸೇವೆಯಲ್ಲಿ ನಡೆದ ಅಕ್ರಮಗಳ ದೂರೂ ಇದೆ. ಆ ಸುಧಾರಣೆಯ ಸೂತ್ರ ಚಿಕ್ಕದು: ಒಂದು ಮಡಕೆಯಲ್ಲಿ ಒಂದು ದೇವರು. ಎಂದರೆ, ಹೂಳುವ ಪ್ರತಿಯೊಂದು ಮಡಕೆಯಲ್ಲಿಯೂ ನಿಜವಾಗಿ ಒಂದು ಹಕ್ಕಿ ಇರತಕ್ಕದ್ದು. ಹೋರ್ ಪ್ರಾಮಾಣಿಕನೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವನ ಸುಧಾರಣೆ ನಿಂತದ್ದು ಲೆಕ್ಕಪತ್ರದ ಬಳಿ. ಮಡಕೆ ಖಾಲಿಯಿದೆಯೇ ಎಂದು ಅವನು ಕೇಳಿದನು; ಮಡಕೆ ತುಂಬಲೇಬೇಕೇ ಎಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಧಾರ್ಮಿಕ ಸಂಸ್ಥೆಗಳ ಸುಧಾರಣೆ ಹುಂಡಿಯ ಎಣಿಕೆಯಲ್ಲಿಯೇ ಮುಗಿದುಹೋಗುವುದು ಹೊಸ ರೋಗವೇನಲ್ಲ.

ಆ ಅಕ್ರಮದ ಕುರುಹುಗಳೆನ್ನಬಹುದಾದವು ಇಂದಿಗೂ ಉಳಿದಿವೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಜ್ಞರು 800ಕ್ಕೂ ಹೆಚ್ಚು ಪ್ರಾಣಿ ಮಮ್ಮಿಗಳನ್ನು ಸ್ಕ್ಯಾನ್ ಮಾಡಿ 2015ರಲ್ಲಿ ತಿಳಿಸಿದಂತೆ, ಸುಮಾರು ಮೂರನೆಯ ಒಂದು ಭಾಗದಲ್ಲಿ ಪ್ರಾಣಿಯ ಅವಶೇಷವೇ ಇರಲಿಲ್ಲ. ಮಣ್ಣು, ಕಡ್ಡಿ, ಜೊಂಡು, ಗರಿ, ಮೊಟ್ಟೆಯ ಚಿಪ್ಪುಗಳಿದ್ದವು. ಇದು ಮೋಸವೆಂದು ಹಲವರ ಅಭಿಪ್ರಾಯ. ಪವಿತ್ರ ಪ್ರಾಣಿಯ ಸನ್ನಿಧಿಯಲ್ಲಿ ಬಿದ್ದ ಗರಿ, ಚಿಪ್ಪುಗಳೂ ಪವಿತ್ರವೆಂಬ ಭಾವನೆಯಿಂದ ಹೀಗೆ ಮಾಡಿರಬಹುದೆಂದು ಆ ತಂಡದ ಲಿಡಿಯಾ ಮೆಕ್‌ನೈಟ್ ವಾದಿಸುತ್ತಾರೆ. ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲ ಓದುಗರಿಗೆ ಇಲ್ಲಿ ಹಿಟ್ಟಿನ ಕೋಳಿ ನೆನಪಾಗದೆ ಇರದು. ಅಲ್ಲಿ ಜೀವವಿಲ್ಲದ ಕೋಳಿಯನ್ನು ಬಲಿಕೊಟ್ಟರೂ ಸಂಕಲ್ಪಹಿಂಸೆಯ ಪಾಪ ತಪ್ಪಲಿಲ್ಲ. ನೈಲ್ ದಂಡೆಯ ಯಾತ್ರಿಕನು ಪೊಳ್ಳು ಗಂಟನ್ನು ಹಕ್ಕಿಯೆಂದೇ ನಂಬಿ ಕೊಂಡನು; ಆದರೂ ಆ ಗಂಟಿನ ಮಟ್ಟಿಗೆ ಒಂದು ಹಕ್ಕಿ ಬದುಕಿಕೊಂಡಿತು.

ಬದುಕಿದವೂ ಬಹುಕಾಲ ಉಳಿಯಲಿಲ್ಲ. ಕನ್ನಡನಾಡಿನ ಕೆರೆಯಂಗಳದ ಬಿಳಿ ಕೆಂಬರಲಿಗೆ ಹತ್ತಿರದ ಬಂಧುವಾದ ಆ ಐಬಿಸ್ 19ನೆಯ ಶತಮಾನದ ಹೊತ್ತಿಗೆ ಈಜಿಪ್ಟಿನಿಂದ ಕಣ್ಮರೆಯಾಯಿತು. ಮಮ್ಮಿಗಳ ಡಿಎನ್‌ಎ ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಂತೆ, ಈ ಹಕ್ಕಿಗಳನ್ನು ತಲೆಮಾರುಗಳ ಕಾಲ ಸಾಕಿ ಬೆಳೆಸುತ್ತಿದ್ದಂತೆ ಕಾಣುವುದಿಲ್ಲ. ಬಹುಶಃ ಜವುಗು ನೆಲಗಳಿಂದ ಹಿಡಿದು ತರುತ್ತಿದ್ದರು.

ಇನ್ನು ಆ ಬೆಕ್ಕುಗಳ ಗತಿ. 1888ರಲ್ಲಿ ಮಧ್ಯ ಈಜಿಪ್ಟಿನ ಬೆನಿ ಹಸನ್ ಬಳಿ ಅಪಾರ ಸಂಖ್ಯೆಯ ಬೆಕ್ಕಿನ ಮಮ್ಮಿಗಳು ಪತ್ತೆಯಾದವು. 1890ರಲ್ಲಿ ಅವುಗಳಲ್ಲಿ ಸುಮಾರು 19 ಟನ್ನಿನಷ್ಟನ್ನು, ಅಂದರೆ ಅಂದಾಜು 1,80,000 ಬೆಕ್ಕುಗಳನ್ನು, ಹಡಗಿನಲ್ಲಿ ಲಿವರ್‌ಪೂಲಿಗೆ ಸಾಗಿಸಲಾಯಿತು. ದೇವಿಯ ಬಳಿಗೆ ಯಾರದೋ ಮಗುವಿನ ಆರೋಗ್ಯವನ್ನೋ, ಯಾರದೋ ಹೆರಿಗೆಯ ಸುಖವನ್ನೋ ಬೇಡಿ ಹೋಗಿದ್ದ ಆ ದೂತರನ್ನು ಅಲ್ಲಿ ಟನ್ನಿಗೆ ಇಷ್ಟೆಂದು ಹರಾಜು ಹಾಕಿ, ಪುಡಿಮಾಡಿ, ಇಂಗ್ಲೆಂಡಿನ ಹೊಲಗಳಿಗೆ ಗೊಬ್ಬರವಾಗಿ ಚೆಲ್ಲಿದರು. ಹರಾಜುದಾರನು ಸುತ್ತಿಗೆಯ ಬದಲು ಬೆಕ್ಕಿನ ತಲೆಬುರುಡೆಯೊಂದನ್ನು ಕುಟ್ಟಿ ಸವಾಲು ಮುಗಿಸಿದನೆಂದು ಹೇಳಲಾಗುತ್ತದೆ.