ಮುಚ್ಚಿದ ಕಾರ್ಖಾನೆ, ತೆರೆದ ಕಲಾಮಂದಿರ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘದ ವಾರ್ಷಿಕ ಸಭೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ನಾಟಕ, ಸಂಗೀತಗಳಿಗೆ ಇಷ್ಟು ವೆಚ್ಚವೇಕೆ? ದಿನವಿಡೀ ಬ್ಯಾಂಕಿನ ಲೆಕ್ಕಪತ್ರಗಳೊಡನೆ ಕಾಲ ಕಳೆಯುವ ನಾವು ಈ ಪ್ರಶ್ನೆಯನ್ನು ತಳ್ಳಿಹಾಕಲಾರೆವು. ಆದುದರಿಂದ ದೂರದೇಶದ ಊರೊಂದರ ಜಮಾಖರ್ಚನ್ನು ತಮ್ಮ ಮುಂದಿಡುತ್ತೇವೆ.

ಅಮೆರಿಕದ ಮೆಸಾಚುಸೆಟ್ಸ್ ಸಂಸ್ಥಾನದಲ್ಲಿ ನಾರ್ತ್ ಆಡಮ್ಸ್ ಎಂಬ ಪುಟ್ಟ ನಗರವುಂಟು. ಹೂಸಿಕ್ ನದಿಯ ದಡದಲ್ಲಿ ಮೊದಲು ಬಟ್ಟೆಗೆ ಅಚ್ಚು ಹಾಕುವ ದೊಡ್ಡ ಕಾರ್ಖಾನೆಯಿದ್ದಿತು. 1942ರಲ್ಲಿ ಆ ಕಟ್ಟಡಗಳಿಗೆ ಸ್ಪ್ರೇಗ್ ಎಂಬ ವಿದ್ಯುತ್ ಉಪಕರಣಗಳ ಕಂಪೆನಿ ಬಂದಿತು. 1960ರ ದಶಕದಲ್ಲಿ, ಸುಮಾರು 18,000 ಜನರ ಆ ಊರಿನಲ್ಲಿ 4,000ಕ್ಕೂ ಹೆಚ್ಚು ಮಂದಿಗೆ ಅದೇ ಅನ್ನದಾತ. 1985ರಲ್ಲಿ ಅಲ್ಲಿಗೂ ಬೀಗ ಬಿದ್ದಿತು. ದುಡಿಮೆ ಹೋದ ಊರಿನಲ್ಲಿ ಮನೆಮಂದಿಯ ಪಾಡೇನೆಂಬುದನ್ನು, ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಮರುವರ್ಷ ನೆರೆಯ ವಿಲಿಯಮ್ಸ್ ಕಾಲೇಜಿನ ಕಲಾಸಂಗ್ರಹಾಲಯದ ಥಾಮಸ್ ಕ್ರೆನ್ಸ್ ಎಂಬವರು ಭಾರಿ ಗಾತ್ರದ ಕಲಾಕೃತಿಗಳನ್ನಿಡಲು ಜಾಗ ಹುಡುಕುತ್ತಿದ್ದರು. ಮೇಯರ್ ಜಾನ್ ಬ್ಯಾರೆಟ್ ಈ ಖಾಲಿ ಕಾರ್ಖಾನೆಯನ್ನು ಸೂಚಿಸಿದರು. ಸಂಸ್ಥಾನದ ಶಾಸನಸಭೆ 1988ರಲ್ಲಿ ಹಣಕ್ಕೆ ಒಪ್ಪಿದರೂ ಆರ್ಥಿಕ ಮುಗ್ಗಟ್ಟಿನಿಂದ ಕೆಲಸ ಕುಂಟಿತು. ಕೊನೆಗೆ 1999ರಲ್ಲಿ ಮ್ಯಾಸ್ ಮೋಕಾ ಎಂಬ ಕಲಾಮಂದಿರ ತೆರೆಯಿತು. ಹಳೆಯ ಇಟ್ಟಿಗೆ ಕಟ್ಟಡಗಳನ್ನೇ ದುರಸ್ತಿ ಮಾಡಿ ಚಿತ್ರ, ಶಿಲ್ಪ, ಸಂಗೀತ, ನಾಟಕಗಳಿಗೆ ಎಡೆ ಮಾಡಿದರು. ಕೆಲವು ಭಾಗಗಳನ್ನು ವ್ಯಾಪಾರಸ್ಥರಿಗೆ ಬಾಡಿಗೆಗಿತ್ತರು. ಆ ವರಮಾನ ಕಲೆಗೆ ಆಸರೆಯಾಯಿತು. ಎದುರಿನ ಸಾಲುಮನೆಗಳು 2001ರಲ್ಲಿ ವಸತಿಗೃಹವಾದವು. 2017ರಲ್ಲಿ ಇನ್ನೊಂದು ಭಾರಿ ಕಟ್ಟಡ ಸೇರಿ, ಪ್ರದರ್ಶನದ ಜಾಗ ಸುಮಾರು ಇಮ್ಮಡಿಯಾಯಿತು.

ಖರ್ಚಿನ ಬದಿಯನ್ನೂ ಮರೆಯಬಾರದು. ಕಾರ್ಖಾನೆಯ 4,000 ಕೆಲಸಗಳು ಮರಳಿ ಬರಲಿಲ್ಲ. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 13,000ಕ್ಕಿಂತ ತುಸು ಕಡಿಮೆ. ಕಲೆಯೊಂದೇ ಎಲ್ಲರ ಹೊಟ್ಟೆ ತುಂಬಿಸಿತೆಂದು ಹೇಳಿದರೆ ಲೆಕ್ಕ ತಪ್ಪಾಗುತ್ತದೆ. ಆದರೂ ಪಾಳು ಬಿದ್ದ ಜಾಗಕ್ಕೆ ಹೊರಊರುಗಳ ಜನ ಹುಡುಕಿಕೊಂಡು ಬರುವಂತಾಯಿತು; ಅದರ ಸುತ್ತ ಹೊಸ ವ್ಯಾಪಾರವೂ ಬೆಳೆಯಿತು.

ನಮ್ಮ ಸಭಾಭವನದ ವಿಚಾರದಲ್ಲಿಯೂ ಈ ದಾರಿ ಹಿಡಿಯಬಹುದೆಂದು ನಮ್ಮ ಅಭಿಪ್ರಾಯ. ಮದುವೆ, ಮುಂಜಿಗಳಿಗೆ ಬಾಡಿಗೆ ಕೊಡೋಣ, ಬೇಡವೆನ್ನುವುದಿಲ್ಲ. ಆದರೆ ವಾರಕ್ಕೆರಡು ಸಂಜೆಗಳನ್ನು ನಾಟಕದ ತಾಲೀಮಿಗೆ, ಮಕ್ಕಳ ಕನ್ನಡ ಹಾಡಿಗೆ ಕಡ್ಡಾಯವಾಗಿ ಕಾದಿರಿಸೋಣ. ಆ ಎರಡು ಸಂಜೆಗಳೂ ಇಲ್ಲವಾದರೆ ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮನೆಯ ಹೊರಗೆ ಕನ್ನಡ ಕೇಳುವ ಜಾಗವೇ ಉಳಿಯದು. ಬರುವ ವರ್ಷದ ಆಯವ್ಯಯದಲ್ಲಿ ಇದಕ್ಕೊಂದು ಬಾಬು ಸೇರಲೆಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸುತ್ತೇವೆ.