ಯುದ್ಧ ಮುಗಿದರೂ ಮುಗಿಯದ ಭಯ
(ಬಂಗಾರಪೇಟೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಮ್ಮ ತಾತಂದಿರು ಕೆಜಿಎಫ್ ಗಣಿಗೆ ಇಳಿದು ಚಿನ್ನ ತೆಗೆದರು. ನಮ್ಮ ಅಜ್ಜಿಯರ ಕೊರಳಲ್ಲಿದ್ದದ್ದು ಅರಿಶಿನದ ಕೊಂಬು.

1962ರ ಅಕ್ಟೋಬರಿನಲ್ಲಿ ಚೀನಾ ಯುದ್ಧ ಬಂತು. ಗಡಿಯಲ್ಲಿ ಸೈನಿಕರು ಸತ್ತದ್ದು ನಿಜ, ಜನರ ಭಯಾನೂ ನಿಜ. ಆದರೆ ಆ ಭಯವನ್ನ ಆಳುವವರು ಹೇಗೆ ಬಳಸಿದರು ನೋಡಿ. 26ರಂದು ತುರ್ತುಪರಿಸ್ಥಿತಿ ಸಾರಿದರು. ರಕ್ಷಣಾ ನಿಧಿಗೆ ಚಿನ್ನ ಕೊಡಿ ಅಂದರು. ಕಾರ್ಮಿಕರು ಮುಷ್ಕರ ಹೂಡಬಾರದು ಅಂದರು. ಡಿಸೆಂಬರ್ 1ಕ್ಕೆ ನಮ್ಮ ಗಣಿಯೇ ಕೇಂದ್ರ ಸರ್ಕಾರದ ಕೈಗೆ ಹೋಯಿತು. ಇಲ್ಲೇ ಬದುಕಿದ್ದ ಚೀನೀ ಮೂಲದ ಸುಮಾರು 3,000 ಜನರನ್ನ, ಮಕ್ಕಳು ಮುದುಕರು ಅನ್ನದೆ, ರಾಜಸ್ಥಾನದ ದೇವಲಿ ಕ್ಯಾಂಪಿಗೆ ತುಂಬಿದರು.

ಕದನ ನಿಂತದ್ದು ನವೆಂಬರ್ 21ಕ್ಕೆ, ಒಂದೇ ತಿಂಗಳಲ್ಲಿ. ನಡುವೆ 1965ರ ಪಾಕಿಸ್ತಾನ ಯುದ್ಧವೂ ಬಂದು ಹೋಯಿತು. ತುರ್ತುಪರಿಸ್ಥಿತಿ ತೆಗೆದದ್ದು ಮಾತ್ರ 1968ರ ಜನವರಿಯಲ್ಲಿ! ಯುದ್ಧ ಮುಗಿದರೂ ಭಯವನ್ನ ಮುಗಿಯೋಕೆ ಬಿಡಲಿಲ್ಲ. ಹೆದರಿದ ಜನ ಲೆಕ್ಕ ಕೇಳೋದಿಲ್ಲ, ಅದು ಅವರಿಗೆ ಗೊತ್ತು.

ಬಾಬಾಸಾಹೇಬರು ಲೆಕ್ಕ ಕೇಳಿದ್ದರು. 1951ರಲ್ಲಿ ಮಂತ್ರಿ ಪದವಿ ಬಿಟ್ಟಾಗ, 350 ಕೋಟಿ ಆದಾಯದಲ್ಲಿ 180 ಕೋಟಿ ಸೈನ್ಯಕ್ಕೇ ಹೋಗುತ್ತಿದೆ ಎಂದು ಎತ್ತಿ ತೋರಿಸಿದ್ದರು.

2001ರಲ್ಲಿ ಗಣಿ ಮುಚ್ಚಿತು. ಮಾರಿಕುಪ್ಪಂ ರೈಲು ಹತ್ತಿ ನಮ್ಮ ಜನ ಬೆಂಗಳೂರಿಗೆ ಕೂಲಿಗೆ ಹೊರಟರು. ನಮ್ಮ ಲೈನುಗಳಿಗೆ ಬಂದ ಆ ಆಪತ್ತಿಗೆ ಯಾರೂ ತುರ್ತುಪರಿಸ್ಥಿತಿ ಸಾರಲಿಲ್ಲ.

ನಾಳೆ ಯಾವ ನಾಯಕನಾದರೂ ಮೈಕು ಹಿಡಿದು "ಶತ್ರು ಬಾಗಿಲಿಗೆ ಬಂದ" ಅಂದರೆ, ಜೈಕಾರ ಹಾಕೋ ಮೊದಲು ನಾವು ಕೇಳೋಣ: ಸಾಯೋರು ಯಾರ ಮಕ್ಕಳು? ಬಾಯಿ ಮುಚ್ಚಿಕೊಳ್ಳಬೇಕಾದವರು ಯಾರು? ಈ ಭಯಕ್ಕೆ ಕೊನೆ ಯಾವತ್ತು?

ಜೈಭೀಮ್.